ಆನ್‌ಲೈನಿನಲ್ಲಿ ನಟ್ಟು ಬೋಲ್ಟು, ಉಪಕರಣ, ಕಬ್ಬಿಣ ಕೊಳ್ಳುವವರು ಪದೇ ಪದೇ ಕೇಳುವ ಪ್ರಶ್ನೆಗಳು

ಹುಬ್ಬಳ್ಳಿಯ ಗೋಕುಲ ರಸ್ತೆಯಲ್ಲಿ ನನ್ನದೊಂದು ಸಣ್ಣ ವರ್ಕ್‌ಶಾಪ್ ಇದೆ. ಎರಡು ಲೇತು, ಒಂದು ಮಿಲ್ಲಿಂಗ್ ಯಂತ್ರ, ವೆಲ್ಡಿಂಗ್ ಸೆಟ್ಟು, ಮೂವರು ಹುಡುಗರು. ರೊಟ್ಟಿ ಯಂತ್ರದ ಬಿಡಿಭಾಗ, ಟ್ರ್ಯಾಕ್ಟರಿನ ಪಿನ್ನು, ಹಿಟ್ಟಿನ ಗಿರಣಿಯ ಶಾಫ್ಟು ಎಂದು ಬಂದ ಕೆಲಸವನ್ನೆಲ್ಲ ಮಾಡಿಕೊಡುತ್ತೇವೆ. ಬೇಕಾದ ಸಾಮಾನಿನಲ್ಲಿ ಅರ್ಧದಷ್ಟನ್ನು ಈಗ ಆನ್‌ಲೈನಿನಲ್ಲೇ ತರಿಸುತ್ತೇನೆ. ಅದನ್ನು ಕಂಡು ಚಹಾ ಕುಡಿಯಲು ಬಂದವರು, ಫೋನ್ ಮಾಡಿದವರು, ಕಾಗದ ಬರೆದವರು ಕೇಳುವುದು ಹೆಚ್ಚುಕಡಿಮೆ ಇವೇ ಪ್ರಶ್ನೆಗಳನ್ನು. ಅವರ ಮಾತಿನಲ್ಲೇ ಇಲ್ಲಿ ಇಟ್ಟಿದ್ದೇನೆ. ಉತ್ತರಗಳಲ್ಲಿ ಅನುಭವದ ಜೊತೆಗೆ ನನ್ನ ಹಟವೂ ಸ್ವಲ್ಪ ಸೇರಿದೆ.

## ಹೊಸಬರು ಕೇಳುವುದು

ಎಲ್ಲ ತಾಣಗಳೂ ಒಂದೇ ತರಹ ಕಾಣುತ್ತವೆ. ಯಾವುದು ಅಂಗಡಿ, ಯಾವುದು ದಲ್ಲಾಳಿ ಎಂದು ತಿಳಿಯುವುದು ಹೇಗೆ?

ಬಿಲ್ಲು ಯಾರ ಹೆಸರಿನಲ್ಲಿ ಬರುತ್ತದೆ ಎಂದು ನೋಡಿ, ಅಲ್ಲೇ ಗುಟ್ಟು ತಿಳಿಯುತ್ತದೆ. ಅಮೆಜಾನ್, ಫ್ಲಿಪ್‌ಕಾರ್ಟ್ ಸಂತೆಯ ಮೈದಾನವಿದ್ದ ಹಾಗೆ. ಮೈದಾನ ಅವರದು, ಮಳಿಗೆ ಬೇರೆಯವರದು. ಒಂದೇ ಡ್ರಿಲ್ ಯಂತ್ರವನ್ನು ಹತ್ತು ಜನ ಮಾರುತ್ತಿರುತ್ತಾರೆ, ನೀವು ಒತ್ತಿದ ಗುಂಡಿ ಅವರಲ್ಲಿ ಯಾರದು ಎಂಬುದನ್ನು ನೀವೇ ಗಮನಿಸಬೇಕು. 1996ರಿಂದ ನಡೆದುಬಂದಿರುವ ಇಂಡಿಯಾಮಾರ್ಟ್ ಬಹುಮಟ್ಟಿಗೆ ವಿಳಾಸಗಳ ದೊಡ್ಡ ಪುಸ್ತಕ. ಅಲ್ಲಿ ನಿಮಗೆ ಮಾರುವವನ ಗುರುತು ಸಿಗುತ್ತದೆ, ವ್ಯಾಪಾರ ನೀವು ಮತ್ತು ಅವನು ಕುದುರಿಸಿಕೊಳ್ಳಬೇಕು. ಒಂದು ವಿಚಾರಣೆ ಹಾಕಿದರೆ ಹಲವು ಊರುಗಳಿಂದ ಫೋನ್ ಬರುತ್ತದೆ. ಊಟದ ಹೊತ್ತಿನಲ್ಲಿ ಹಾಕಬೇಡಿ. 2015ರಲ್ಲಿ ಶುರುವಾದ ಮೋಗ್ಲಿಕ್ಸ್‌ನಂಥವು ಕಾರ್ಖಾನೆಗಳನ್ನು ಕಣ್ಣಿನಲ್ಲಿಟ್ಟುಕೊಂಡು ಹುಟ್ಟಿದವು, ಜಿಎಸ್‌ಟಿ ಬಿಲ್ಲು ಅಲ್ಲಿ ಮೊದಲಿನಿಂದಲೇ ವ್ಯವಹಾರದ ಭಾಗ. ಮಿಸುಮಿಯಂಥ ಜಪಾನಿ ಕಂಪನಿಗಳ ದಾರಿಯೇ ಬೇರೆ. ಶಾಫ್ಟಿನ ಉದ್ದ, ವ್ಯಾಸ, ತುದಿಯ ಎಳೆ (ಥ್ರೆಡ್) ಎಲ್ಲವನ್ನೂ ನೀವು ಹೇಳಿದರೆ ಅದಕ್ಕೊಂದು ಭಾಗಸಂಖ್ಯೆ ಸಿಗುತ್ತದೆ, ಅದರಂತೆ ತಯಾರಾಗಿ ಬರುತ್ತದೆ. ಸೆನ್ಸರು, ಮೋಟಾರು, ಕಂಟ್ರೋಲ್ ಬೋರ್ಡು ಬೇಕಾದ ವಿದ್ಯಾರ್ಥಿಗಳು ಪುಣೆಯ ರೋಬುವಿನಂಥ ಇಲೆಕ್ಟ್ರಾನಿಕ್ಸ್ ಮಾರಾಟಗಾರರಿಂದ ತರಿಸುವುದು ಹೆಚ್ಚು.

ಅಂಗಡಿಗಿಂತ ಆನ್‌ಲೈನಿನಲ್ಲಿ ಅಗ್ಗವೇ? ಒಂದೇ ಮಾತಿನಲ್ಲಿ ಹೇಳಿ.

ಹಗುರವಾದದ್ದು, ಅಪರೂಪವಾದದ್ದು ಅಗ್ಗ. ಭಾರವಾದದ್ದು, ಉದ್ದವಾದದ್ದು ತುಟ್ಟಿ. ಒಂದೇ ಮಾತು ಕೇಳಿದಿರಿ, ಎರಡು ಹೇಳಿದೆ. ಈಗ ಲೆಕ್ಕವನ್ನೂ ನೋಡಿಬಿಡಿ.

ಕೊರಿಯರಿನವರು ತೂಕವನ್ನು ಎರಡು ರೀತಿಯಲ್ಲಿ ಹಿಡಿಯುತ್ತಾರೆ. ಒಂದು ತಕ್ಕಡಿಯ ತೂಕ. ಇನ್ನೊಂದು ಪೆಟ್ಟಿಗೆಯ ಉದ್ದ, ಅಗಲ, ಎತ್ತರವನ್ನು ಸೆಂಟಿಮೀಟರಿನಲ್ಲಿ ಗುಣಿಸಿ ಸಾಮಾನ್ಯವಾಗಿ 5000ದಿಂದ ಭಾಗಿಸಿದ ತೂಕ. ಎರಡರಲ್ಲಿ ಯಾವುದು ಹೆಚ್ಚೋ ಅದಕ್ಕೆ ದುಡ್ಡು. 20 ಮಿ.ಮೀ. ಚೌಕದ, ಒಂದೂವರೆ ಮಿ.ಮೀ. ದಪ್ಪದ, ಒಂದು ಮೀಟರ್ ಉದ್ದದ ಅಲ್ಯೂಮಿನಿಯಂ ಕೊಳವೆ ತೂಗಿದರೆ ಸುಮಾರು 300 ಗ್ರಾಂ. ಅದನ್ನು 105 ಸೆಂ.ಮೀ. ಉದ್ದ, 10 ಸೆಂ.ಮೀ. ಅಗಲ ಮತ್ತು ಎತ್ತರದ ಪೆಟ್ಟಿಗೆಯಲ್ಲಿ ಹಾಕಿದರೆ ಬಿಲ್ಲಿನಲ್ಲಿ ಅದು 2.1 ಕಿಲೋ ಆಗುತ್ತದೆ. ಕೊಳವೆಗಿಂತ ಅದರ ಪ್ರಯಾಣವೇ ದುಬಾರಿ. ಅದೇ ಪೆಟ್ಟಿಗೆಯಲ್ಲಿ ಆರು ಕೊಳವೆ ತರಿಸಿದರೆ ತೂಕ 1.8 ಕಿಲೋ, ಸಾಗಣೆ ಅಷ್ಟೇ. ಆದ್ದರಿಂದ ಪುಟದ ಮೇಲಿನ ಬೆಲೆಗಳನ್ನು ಹೋಲಿಸುವುದು ವ್ಯರ್ಥ. ಪಿನ್‌ಕೋಡ್ ಹಾಕಿ, ಕೊನೆಯ ಪುಟದವರೆಗೆ ಹೋಗಿ, ಮನೆ ಬಾಗಿಲಿಗೆ ಬಿದ್ದ ಬೆಲೆಯನ್ನು ಹೋಲಿಸಿ. ಅಡ್ಡಗೆರೆ ಎಳೆದ ಎಂಆರ್‌ಪಿಯನ್ನಂತೂ ಓದಲೇಬೇಡಿ.

ಯಾವುದನ್ನು ಆನ್‌ಲೈನಿನಲ್ಲಿ ತರಿಸಲೇಬಾರದು ಅಣ್ಣಾ?

ಆರು ಮೀಟರಿನ ಕಂಬಿ, ಆಂಗಲ್, ಚಾನಲ್. ಇವು ಕೊರಿಯರಿನಲ್ಲಿ ಬರುವ ಸಾಮಾನುಗಳಲ್ಲ. ಊರಿನ ಕಬ್ಬಿಣದ ಅಂಗಡಿಯಲ್ಲಿ ನಿಂತು, ಕಾಟಾದ ಮೇಲೆ ತೂಗಿಸಿ ತನ್ನಿ. ಮರವನ್ನೂ ತರಿಸಬೇಡಿ. ಹಲಗೆ ತಿರುಚಿದೆಯೇ, ಗಂಟು ಎಲ್ಲಿದೆ, ಒಣಗಿದೆಯೇ ಎಂಬುದನ್ನು ಚಿತ್ರ ಹೇಳುವುದಿಲ್ಲ. ಪೇಂಟು, ಥಿನ್ನರು, ಸ್ಪ್ರೇ ಡಬ್ಬಿಗಳು ಉರಿಯುವ ಸರಕಾದ್ದರಿಂದ ವಿಮಾನದಲ್ಲಿ ಸಾಗುವುದಿಲ್ಲ, ರಸ್ತೆಯಲ್ಲಿ ನಿಧಾನವಾಗಿ ಬರುತ್ತವೆ, ಕೆಲವೊಮ್ಮೆ ಸೋರಿಕೊಂಡೇ ಬರುತ್ತವೆ.

ಇನ್ನು ಹಳೆಯ ಯಂತ್ರಗಳ ಬಿಡಿಭಾಗ. ನನ್ನ ಒಂದು ಲೇತು ಎಚ್‌ಎಂಟಿಯ ಎನ್‌ಎಚ್ 22. ಅದರ ಗೇರಿನ ಒಂದು ಹಲ್ಲು ಮುರಿದಾಗ ಎರಡು ರಾತ್ರಿ ಜಾಲವನ್ನೆಲ್ಲ ಜಾಲಾಡಿದೆ. ಕೊನೆಗೆ ಸಿಕ್ಕಿದ್ದು ಹಳೆಯ ಯಂತ್ರ ಬಿಚ್ಚಿ ಮಾರುವ ಗುಜರಿ ವ್ಯಾಪಾರಿಯ ಹತ್ತಿರ, ಗ್ರೀಸಿನ ಡಬ್ಬಿಯ ಹಿಂದೆ. ಅಂಥವರ ದೂರವಾಣಿ ಸಂಖ್ಯೆಯನ್ನು ಗೋಡೆಯ ಮೇಲೆ ಬರೆದಿಟ್ಟುಕೊಳ್ಳಿ.

ನಕ್ಷತ್ರ ನೋಡಿ ಕೊಳ್ಳಬಹುದೇ?

ಐದು ನಕ್ಷತ್ರದವರು ಪೆಟ್ಟಿಗೆ ತೆರೆದ ದಿನ ಬರೆದಿರುತ್ತಾರೆ. ಮೂರು ನಕ್ಷತ್ರದವರು ಬಳಸಿ ಬರೆದಿರುತ್ತಾರೆ. ನಾನು ಓದುವುದು ಮೂರನ್ನು ಮಾತ್ರ, ಅದರಲ್ಲೂ ಗಿರಾಕಿ ತಾನೇ ತೆಗೆದ ಚಿತ್ರವಿದ್ದರೆ. "ಬೇಗ ಬಂತು, ಪ್ಯಾಕಿಂಗ್ ಚೆನ್ನಾಗಿದೆ" ಎಂಬ ಹೊಗಳಿಕೆ ಕೊರಿಯರಿನವನಿಗೆ ಸಲ್ಲಬೇಕಾದದ್ದು, ಸುತ್ತಿಗೆಗಲ್ಲ.

## ಸಾಮಾನನ್ನು ಗುರುತಿಸುವುದು

"ಅರ್ಧ ಇಂಚಿನ ಬೋಲ್ಟ್" ಎಂದು ಹುಡುಕಿದರೆ ನೂರು ಬಗೆ ಬರುತ್ತವೆ. ಅಂಗಡಿಯಲ್ಲಾದರೆ ಇಷ್ಟು ಹೇಳಿದರೆ ಸಾಕಿತ್ತಲ್ಲ?

ಅಂಗಡಿಯಲ್ಲಿ ಸಾಕಾಗುತ್ತಿದ್ದುದು ಕಾಕಾ ನಿಮ್ಮ ಕೈಯಲ್ಲಿದ್ದ ಹಳೆಯ ಬೋಲ್ಟನ್ನು ನೋಡುತ್ತಿದ್ದರಿಂದ. ನಟ್ಟು ತಿರುಗಿಸಿ ನೋಡಿ, ಸರಿಹೋದರೆ ಪೊಟ್ಟಣ ಕಟ್ಟುತ್ತಿದ್ದರು. ಪುಟಕ್ಕೆ ಆ ಕಣ್ಣಿಲ್ಲ. ಕಾಕಾ ಕೇಳದೆಯೇ ತಿಳಿದುಕೊಳ್ಳುತ್ತಿದ್ದುದನ್ನೆಲ್ಲ ನೀವೇ ಅಳೆದು ಹೇಳಬೇಕು.

ಮೊದಲು, ಇಂಚೋ ಮಿಲಿಮೀಟರೋ. ಅರ್ಧ ಇಂಚು ಎಂದರೆ 12.7 ಮಿ.ಮೀ. ಅದು ಎಂ12, ಅಂದರೆ 12 ಮಿ.ಮೀ.ನ ಮೆಟ್ರಿಕ್ ಬೋಲ್ಟು, ಅಲ್ಲ. ಇಂಚಿನಲ್ಲೂ ಎರಡು ಪಂಥಗಳಿವೆ. ಬ್ರಿಟಿಷರ ಬಿಎಸ್‌ಡಬ್ಲ್ಯು ಅರ್ಧ ಇಂಚಿಗೆ ಒಂದು ಇಂಚಿನಲ್ಲಿ 12 ಎಳೆ, ಕೋನ 55 ಡಿಗ್ರಿ. ಅಮೆರಿಕದ ಯುಎನ್‌ಸಿಗೆ 13 ಎಳೆ, 60 ಡಿಗ್ರಿ. ಒಂದನ್ನು ಇನ್ನೊಂದಕ್ಕೆ ಹಾಕಿದರೆ ಎರಡು ಸುತ್ತು ಸುಖವಾಗಿ ಹೋಗಿ, ಮೂರನೆಯದರಲ್ಲಿ ಹಿಡಿದುಕೊಳ್ಳುತ್ತದೆ. ಅಷ್ಟಾದ ಮೇಲೂ ಸ್ಪ್ಯಾನರ್ ಹಾಕಿ ಒತ್ತಿದರೆ ಎಳೆಯೇ ಹೋಗುತ್ತದೆ. ಮೆಟ್ರಿಕ್ಕಿನಲ್ಲಿಯೂ ಎಂ10 ಎಂದರೆ ಸಾಮಾನ್ಯವಾಗಿ 1.5 ಪಿಚ್ (ಒಂದು ಎಳೆಯಿಂದ ಮುಂದಿನ ಎಳೆಗೆ ಇರುವ ಅಂತರ, ಮಿ.ಮೀ.ನಲ್ಲಿ), ಆದರೆ 1.25ರ ಸಣ್ಣ ಎಳೆಯದೂ ಇದೆ, ವಾಹನಗಳಲ್ಲಿ ಅದೇ ಹೆಚ್ಚು. ಪಿಚ್ ಗೇಜ್ ಎಂಬ ಎಲೆಗಳ ಗೊಂಚಲನ್ನು ಒಂದು ಸಲ ಕೊಂಡರೆ ಜೀವನವಿಡೀ ಬರುತ್ತದೆ.

ಆಮೇಲೆ ಬಲ. ತಲೆಯ ಮೇಲಿನ 8.8 ಎಂಬುದರಲ್ಲಿ ಮೊದಲ 8 ಎಂದರೆ 800 ಮೆಗಾಪಾಸ್ಕಲ್‌ಗೆ ಕಿತ್ತುಹೋಗುತ್ತದೆ ಎಂದರ್ಥ. ಚುಕ್ಕೆಯ ಆಚೆಯ 8 ಎಂದರೆ ಅದರ ಶೇ 80ಕ್ಕೆ, ಅಂದರೆ 640ಕ್ಕೆ, ಹಿಗ್ಗಿದ್ದು ಹಿಂದಕ್ಕೆ ಬರುವುದಿಲ್ಲ ಎಂದು. ಅಂಕೆಯ ಪಕ್ಕದಲ್ಲಿ ತಯಾರಕನ ಗುರುತೂ ಇರಬೇಕು. ಪುಟದ ಶೀರ್ಷಿಕೆಯಲ್ಲಿ "ಹೈ ಟೆನ್ಸೈಲ್" ಎಂದು ಬರೆದು, ಚಿತ್ರದಲ್ಲಿ ಬೋಲ್ಟಿನ ತಲೆ ಬೋಳಾಗಿದ್ದರೆ ಮುಂದಿನ ಪುಟಕ್ಕೆ ಹೋಗಿ.

ನನ್ನ ಮಟ್ಟಿಗೆ ಮಾರಾಟಗಾರರನ್ನು ತೂಗುವ ಮೊದಲ ಕಲ್ಲು ಇದೇ. ಬೋಲ್ಟಿನ ಪುಟದಲ್ಲಿ ಪಿಚ್, ಎಳೆಯಿರುವ ಉದ್ದ, ದರ್ಜೆ, ಐಎಸ್ (ಭಾರತದ ಮಾನಕ) ಅಥವಾ ಡಿಐಎನ್ (ಜರ್ಮನಿಯ ಮಾನಕ) ಸಂಖ್ಯೆ, ಅಳತೆಯ ನಕ್ಷೆ ಕೊಟ್ಟವನು ತಾನು ಏನು ಮಾರುತ್ತಿದ್ದೇನೆಂದು ತಿಳಿದವನು. "ಪ್ರೀಮಿಯಂ ಗುಣಮಟ್ಟ, ಬಹೂಪಯೋಗಿ" ಎಂದಷ್ಟೇ ಬರೆದವನಿಗೆ ಬೋಲ್ಟೂ ಒಂದೇ, ಬಾಚಣಿಗೆಯೂ ಒಂದೇ.

ನೂರು ಬೋಲ್ಟಿನ ಪೊಟ್ಟಣದಲ್ಲಿ ನೂರೇ ಇವೆಯೆಂದು ಯಾರು ಎಣಿಸುತ್ತಾರೆ?

ಅಡುಗೆಮನೆಯ ಡಿಜಿಟಲ್ ತಕ್ಕಡಿ ಎಣಿಸುತ್ತದೆ. ಹತ್ತನ್ನು ತೂಗಿ, ಆಮೇಲೆ ಎಲ್ಲವನ್ನೂ ತೂಗಿ, ಭಾಗಿಸಿ. ಎಣಿಕೆಗಿಂತ ಬೆರಕೆ ದೊಡ್ಡ ತೊಂದರೆ. 25ರ ನಡುವೆ ಒಂದೆರಡು 30 ಮಿ.ಮೀ. ಉದ್ದದವು ಸೇರಿರುತ್ತವೆ. ಎಲ್ಲವನ್ನೂ ತಲೆ ಕೆಳಗಾಗಿ ಸಮತಟ್ಟಾದ ಹಲಗೆಯ ಮೇಲೆ ನಿಲ್ಲಿಸಿದರೆ ಎತ್ತರದವು ತಾವೇ ಎದ್ದು ಕಾಣುತ್ತವೆ.

ಸ್ಟೇನ್‌ಲೆಸ್ 304 ಎಂದು ಕೊಟ್ಟಿದ್ದು ತುಕ್ಕು ಹಿಡಿಯಿತು. ಆಯಸ್ಕಾಂತ ಹಿಡಿದು ನೋಡಿದ್ದೆನಲ್ಲ, ಅಂಟಿರಲಿಲ್ಲ!

ಈ ಏಟು ನಾನೂ ತಿಂದಿದ್ದೇನೆ. ರೊಟ್ಟಿ ಯಂತ್ರದ ತಟ್ಟೆಗಳಿಗೆಂದು 304ರ ತಗಡನ್ನು ಆನ್‌ಲೈನಿನಲ್ಲಿ ತರಿಸಿದೆ. ದರ ಬೇರೆಯವರಿಗಿಂತ ಕಿಲೋಗೆ ಸಾಕಷ್ಟು ಕಡಿಮೆಯಿತ್ತು. ನನಗೆ ಆಗಲೇ ಅನುಮಾನ ಬರಬೇಕಿತ್ತು, ಸಂತೋಷವಾಯಿತು. ಆಯಸ್ಕಾಂತ ಅಂಟಲಿಲ್ಲ. ಹೊಳಪು ಕನ್ನಡಿಯಂತಿತ್ತು. ಯಂತ್ರ ಕೊಂಡಾಕೆ ಮೂರು ತಿಂಗಳಿಗೆ ಫೋನ್ ಮಾಡಿ, "ಅಣ್ಣಾರೇ, ತಟ್ಟೆಯ ಅಂಚಿಗೆ ಚಹಾದ ಕಲೆಯ ಹಾಗೆ ಏನೋ ಬಂದಿದೆ, ತಿಕ್ಕಿದರೆ ಹೋಗುತ್ತದೆ, ಮರುವಾರ ಮತ್ತೆ ಬರುತ್ತದೆ" ಎಂದರು. ಉಪ್ಪು ಬೆರೆತ ನೀರು, ದಿನವೂ ತೊಳೆಯುವುದು. ಬಂದದ್ದು 304 ಅಲ್ಲ, ಅಗ್ಗದ 202. ಅದು ಅಲ್ಲಿ ತಡೆಯುವುದಿಲ್ಲ.

304ರಲ್ಲಿ ಸುಮಾರು ಶೇ 18 ಕ್ರೋಮಿಯಂ, ಶೇ 8 ನಿಕ್ಕಲ್ ಇರುತ್ತದೆ. ನಿಕ್ಕಲ್ ದುಬಾರಿ. 200ರ ಸರಣಿಯಲ್ಲಿ ಅದನ್ನು ಕಡಿಮೆ ಮಾಡಿ ಮ್ಯಾಂಗನೀಸ್ ತುಂಬುತ್ತಾರೆ. ಎರಡೂ ಒಂದೇ ಬಗೆಯ ಸ್ಫಟಿಕ ರಚನೆಯವಾದ್ದರಿಂದ ಎರಡಕ್ಕೂ ಆಯಸ್ಕಾಂತ ಅಂಟುವುದಿಲ್ಲ. ಆ ಪರೀಕ್ಷೆ 304 ಮತ್ತು ಆಯಸ್ಕಾಂತ ಅಂಟುವ 430ರ ನಡುವೆ ಕೆಲಸ ಮಾಡುತ್ತದೆ, 304 ಮತ್ತು 202ರ ನಡುವೆ ಮಾಡುವುದಿಲ್ಲ. ಮ್ಯಾಂಗನೀಸನ್ನು ಹಿಡಿಯುವ ಪರೀಕ್ಷಾ ದ್ರಾವಣದ ಪುಟ್ಟ ಬಾಟಲಿ ಸಿಗುತ್ತದೆ. ಉಜ್ಜಿ ಸ್ವಚ್ಛ ಮಾಡಿದ ಜಾಗಕ್ಕೆ ಒಂದು ಹನಿ ಹಾಕಿ, 9 ವೋಲ್ಟಿನ ಬ್ಯಾಟರಿ ಮುಟ್ಟಿಸಿದರೆ 202ರ ಮೇಲೆ ಹನಿ ಕೆಂಪಾಗುತ್ತದೆ. ಈಗ ತಗಡು ಬಂದ ದಿನವೇ ಲಾರಿಯ ಹುಡುಗ ನಿಂತಿರುವಾಗಲೇ ಹನಿ ಹಾಕುತ್ತೇನೆ. ಅವನಿಗೂ ಈಗ ಅದೊಂದು ತಮಾಷೆ.

16 ಗೇಜಿನ ತಗಡು ಎಂದರೆ ಎಲ್ಲ ಕಡೆ ಒಂದೇ ಅಲ್ಲವೇ?

ಅಲ್ಲ. ಬ್ರಿಟಿಷ್ ಪಟ್ಟಿಯಲ್ಲಿ 16 ಗೇಜ್ ಎಂದರೆ 1.63 ಮಿ.ಮೀ., ಅಮೆರಿಕದ ಉಕ್ಕಿನ ತಗಡಿನ ಪಟ್ಟಿಯಲ್ಲಿ 1.52. ಕೆಲವು ಮಾರಾಟಗಾರರ ಮನಸ್ಸಿನಲ್ಲಿ 1.4. ಯಾವಾಗಲೂ ಮಿಲಿಮೀಟರಿನಲ್ಲಿ ಬರೆಸಿಕೊಳ್ಳಿ, ಬಂದ ಮೇಲೆ ತೂಗಿ. ಉಕ್ಕಿನ ತಗಡು ಒಂದು ಚದರ ಮೀಟರಿಗೆ, ಒಂದು ಮಿ.ಮೀ. ದಪ್ಪಕ್ಕೆ 7.85 ಕಿಲೋ. ಎಂಟಡಿ ನಾಲ್ಕಡಿಯ ಹಾಳೆ 1.6 ಮಿ.ಮೀ. ಇದ್ದರೆ 37 ಕಿಲೋದ ಮೇಲೆ ತೂಗಬೇಕು. 1.4 ಇದ್ದರೆ 33 ಕೂಡ ಮುಟ್ಟುವುದಿಲ್ಲ. ದುಂಡು ಕಂಬಿಗೆ ವ್ಯಾಸದ ವರ್ಗವನ್ನು 162ರಿಂದ ಭಾಗಿಸಿದರೆ ಮೀಟರಿಗೆ ಎಷ್ಟು ಕಿಲೋ ಎಂದು ಬರುತ್ತದೆ. ಇವೆರಡು ಲೆಕ್ಕ ಬಾಯಿಗೆ ಬಂದರೆ ಕಬ್ಬಿಣದ ವ್ಯಾಪಾರಿಗಳು ನಿಮ್ಮೊಡನೆ ಮಾತನಾಡುವ ಧಾಟಿಯೇ ಬದಲಾಗುತ್ತದೆ.

ಇಎನ್8 ಉಕ್ಕು ಎಂದು ಬಿಲ್ಲಿನಲ್ಲಿದೆ. ಬಂದದ್ದು ಸಾದಾ ಎಂಎಸ್ ಅಲ್ಲ ಎಂದು ಹೇಗೆ ನಂಬಲಿ?

ಗ್ರೈಂಡರಿಗೆ ತಾಗಿಸಿ ಕಿಡಿ ನೋಡಿ. ಎಂಎಸ್ ಅಂದರೆ ಸಾದಾ ಮೈಲ್ಡ್ ಸ್ಟೀಲಿನ ಕಿಡಿಗಳು ಉದ್ದ ಗೆರೆಗಳಾಗಿ ಹೋಗಿ ಆರುತ್ತವೆ, ಕವಲು ಕಡಿಮೆ. ಇಎನ್8ರಲ್ಲಿ ಸುಮಾರು ಶೇ 0.4 ಕಾರ್ಬನ್ ಇರುವುದರಿಂದ ಕಿಡಿಗಳು ತುದಿಯಲ್ಲಿ ನಕ್ಷತ್ರದಂತೆ ಸಿಡಿಯುತ್ತವೆ, ಸುರುಸುರುಬತ್ತಿಯ ನೆನಪಾಗಬೇಕು. ಖಾತ್ರಿಯಾಗಿ ಎಂಎಸ್ ಎಂದು ಗೊತ್ತಿರುವ ಒಂದು ತುಂಡನ್ನು ಪಕ್ಕದಲ್ಲಿಟ್ಟುಕೊಂಡು, ಕತ್ತಲ ಮೂಲೆಯಲ್ಲಿ ಎರಡನ್ನೂ ಒಂದರ ಹಿಂದೊಂದು ತಾಗಿಸಿ. ಕಣ್ಣಿಗೆ ಕನ್ನಡಕ ಇರಲಿ.

ಕಿಡಿ ಹೇಳುವುದು ಕಾರ್ಬನ್ನಿನ ಮಾತು ಮಾತ್ರ. ಇಎನ್24ರಂಥ ನಿಕ್ಕಲ್, ಕ್ರೋಮಿಯಂ, ಮಾಲಿಬ್ಡಿನಂ ಬೆರೆತ ಉಕ್ಕಿಗೆ ಅಷ್ಟು ಸಾಲದು, ಉಕ್ಕಿನ ಕಾರ್ಖಾನೆಯ ಪರೀಕ್ಷಾ ಪತ್ರ ಕೇಳಿ. ಪತ್ರದಲ್ಲಿರುವ ಹೀಟ್ ಸಂಖ್ಯೆ (ಒಂದು ಸಲ ಕರಗಿಸಿದ ಉಕ್ಕಿಗೆ ಕೊಡುವ ಸಂಖ್ಯೆ) ಕಂಬಿಯ ತುದಿಯಲ್ಲಿ ಒತ್ತಿದ ಅಥವಾ ಬರೆದ ಸಂಖ್ಯೆಗೆ ಹೊಂದಬೇಕು. ಹೊಂದದ ಪತ್ರ ಕಾಗದವಷ್ಟೇ. ತುಂಡು ಕತ್ತರಿಸುವಾಗ ಗುರುತಿರುವ ತುದಿಯನ್ನು ಕೊನೆಗೆ ಉಳಿಸಿಕೊಳ್ಳಿ.

ಚಿನ್ನದ ಬಣ್ಣದ ಡ್ರಿಲ್ ಬಿಟ್ ಸೆಟ್ಟು 300 ರೂಪಾಯಿಗೆ ಸಿಗುತ್ತಿದೆ. ತರಿಸಲೇ?

ಮರಕ್ಕೆ, ಪ್ಲಾಸ್ಟಿಕ್ಕಿಗೆ ತರಿಸಿ. ಆ ಬಣ್ಣ ಟೈಟೇನಿಯಂ ನೈಟ್ರೈಡಿನ ತೆಳು ಲೇಪ, ಅಥವಾ ಅದನ್ನು ಹೋಲುವ ಬಣ್ಣ. ಒಳಗಿನ ಉಕ್ಕು ಎಚ್‌ಎಸ್‌ಎಸ್ (ಹೈ ಸ್ಪೀಡ್ ಸ್ಟೀಲ್) ಆಗಿಲ್ಲದಿದ್ದರೆ ಲೇಪ ಏನು ಮಾಡೀತು? ಸ್ಟೇನ್‌ಲೆಸ್ಸಿಗೆ ಶೇ 5 ಕೋಬಾಲ್ಟ್ ಇರುವ ಎಂ35 ಎಂಬ ಉಕ್ಕಿನ ಬಿಟ್ಟು ಬೇಕು. ಇನ್ನೊಂದು ವಿಷಯ. ಹದಿಮೂರು ಬಿಟ್ಟುಗಳ ಸಾಮಾನ್ಯ ಸೆಟ್ಟು 1.5ರಿಂದ 6.5ಕ್ಕೆ ಮುಗಿಯುತ್ತದೆ. ಎಂ8 ಟ್ಯಾಪ್ ಹೊಡೆಯಲು, ಅಂದರೆ ತೂತಿನೊಳಗೆ ಎಳೆ ಕೊರೆಯಲು, ಬೇಕಾದದ್ದು 6.8. ಎಂ10ಕ್ಕೆ 8.5. ಸೆಟ್ಟಿನ ಅರ್ಧ ಬಿಟ್ಟುಗಳನ್ನು ನೀವು ಮುಟ್ಟುವುದೇ ಇಲ್ಲ, ಬೇಕಾದದ್ದು ಅದರಲ್ಲಿ ಇರುವುದಿಲ್ಲ. ಚೆನ್ನೈಯ ಆಡಿಸನ್ನಿನಂಥ ಹೆಸರಿರುವವರ ಬಿಟ್ಟುಗಳನ್ನು ಅಳತೆ ನೋಡಿ ಒಂದೊಂದಾಗಿ ಕೊಳ್ಳಿ.

ಗ್ರೈಂಡರಿನ ಡಿಸ್ಕು ಐವತ್ತರ ಪ್ಯಾಕ್ ಅಗ್ಗವಿದೆ, ಒಮ್ಮೆಲೇ ತೆಗೆದುಕೊಂಡರೆ ಹೇಗೆ?

ವರ್ಷಕ್ಕೆ ಎಷ್ಟು ಸವೆಸುತ್ತೀರಿ ಎಂದು ಮೊದಲು ಹೇಳಿ. ರಾಳದಿಂದ ಅಂಟಿಸಿದ ಕತ್ತರಿಸುವ ಚಕ್ರಕ್ಕೆ ಆಯಸ್ಸಿದೆ, ತಯಾರಾದ ಮೇಲೆ ಸಾಮಾನ್ಯವಾಗಿ ಮೂರು ವರ್ಷ. ನಡುವಿನ ಲೋಹದ ಉಂಗುರದ ಮೇಲೆ ಅದು ಮುಗಿಯುವ ತಿಂಗಳು, ವರ್ಷ ಒತ್ತಿರುತ್ತಾರೆ. ಅಗ್ಗದ ದೊಡ್ಡ ಪ್ಯಾಕುಗಳಲ್ಲಿ ಅವಧಿ ಮುಗಿಯಲು ಬಂದ ಮಾಲು ಇರಬಹುದು. ನಾಲ್ಕು ಇಂಚಿನ ಡಿಸ್ಕಿನ ಮೇಲೆ 80 ಮೀಟರ್ ಪ್ರತಿ ಸೆಕೆಂಡಿಗೆ ಅಥವಾ ಸುಮಾರು 15,300 ಆರ್‌ಪಿಎಂ ಎಂದು ಇರಬೇಕು. ಉಂಗುರದ ಮೇಲೆ ಏನೂ ಇಲ್ಲದ ಡಿಸ್ಕನ್ನು ಉಚಿತವಾಗಿ ಕೊಟ್ಟರೂ ಬೇಡ. ಗಾರ್ಡು ಬಿಚ್ಚಿ ಐದು ಇಂಚಿನದನ್ನು ನಾಲ್ಕು ಇಂಚಿನ ಗ್ರೈಂಡರಿಗೆ ಹಾಕುವವರೊಡನೆ ನಾನು ವಾದಿಸುವುದಿಲ್ಲ, ಅವರ ಎದುರಿನಿಂದ ಸರಿದು ನಿಲ್ಲುತ್ತೇನೆ.

800 ರೂಪಾಯಿಯ ಡಿಜಿಟಲ್ ವರ್ನಿಯರ್ ಕೂಡ 0.01 ತೋರಿಸುತ್ತದೆ, 6,000ದ್ದೂ ಅಷ್ಟೇ ತೋರಿಸುತ್ತದೆ. ಹಾಗಾದರೆ?

ತೋರಿಸುವುದು ಬೇರೆ, ನಿಜ ಹೇಳುವುದು ಬೇರೆ. 0.01 ಎಂಬುದು ಪರದೆಯ ಅಂಕೆ. ನಿಖರತೆ ಒಳ್ಳೆಯದರಲ್ಲಿಯೂ 0.02ರ ಆಸುಪಾಸು. ಪುಟದಲ್ಲಿ ಈ ಎರಡನ್ನೂ ಬೇರೆ ಬೇರೆಯಾಗಿ ಕೊಟ್ಟಿದ್ದಾರೆಯೇ ನೋಡಿ. ಬಂದ ಮೇಲೆ ಹೊಸ 6205 ಬೇರಿಂಗನ್ನು ಅಳೆಯಿರಿ. ಹೊರವ್ಯಾಸ 52, ಒಳವ್ಯಾಸ 25, ಅಗಲ 15. ಹೆಸರಾಂತ ಕಂಪನಿಯ ಬೇರಿಂಗು ಹೊರವ್ಯಾಸದಲ್ಲಿ ಒಂದೆರಡು ಸೆಂಟಿಗಿಂತ, ಅಂದರೆ 0.02ಕ್ಕಿಂತ, ತಪ್ಪುವುದಿಲ್ಲ. ಹತ್ತು ಸಲ ಮುಚ್ಚಿ ತೆರೆದು ಅಳೆದರೂ ಅದೇ ಅಂಕೆ ಬಂದರೆ ಅಗ್ಗದ್ದೂ ಸಾಕು. ನನ್ನಲ್ಲಿ ಎರಡೂ ಇವೆ, ಅಗ್ಗದ್ದು ವೆಲ್ಡಿಂಗ್ ಮೇಜಿನ ಮೇಲೆ, ತುಟ್ಟಿಯದು ಬೀಗದೊಳಗೆ.

ಬೇರಿಂಗ್ ನಕಲಿ ಬಂದಿದೆ ಎಂದು ಎಲ್ಲರೂ ಹೆದರಿಸುತ್ತಾರೆ.

ಹೆದರಬೇಕಾದ್ದೇ. ನಕಲು ಮಾಡುವವರಿಗೆ ಬೇರಿಂಗು, ಲೇತಿನ ಕಾರ್ಬೈಡ್ ಇನ್ಸರ್ಟು (ಲೋಹ ಕೊರೆಯುವ ಪುಟ್ಟ ತುಣುಕು) ಇವೆರಡೂ ಪ್ರಿಯ. ಚಿಕ್ಕದು, ಬೆಲೆಬಾಳುವುದು, ಡಬ್ಬಿ ಮುದ್ರಿಸಿದರೆ ಮುಗಿಯಿತು. ಎಸ್‌ಕೆಎಫ್‌ನವರು ಇದಕ್ಕಾಗಿಯೇ ಒಂದು ಆ್ಯಪ್ ಇಟ್ಟಿದ್ದಾರೆ. ಆದರೆ ಎಲ್ಲಕ್ಕಿಂತ ಗಟ್ಟಿ ಉಪಾಯ ತಯಾರಕರ ಅಧಿಕೃತ ಡೀಲರುಗಳ ಪಟ್ಟಿಯನ್ನು ಅವರದೇ ತಾಣದಲ್ಲಿ ನೋಡಿ, ಅಲ್ಲಿರುವ ಹೆಸರಿನಿಂದಲೇ ಕೊಳ್ಳುವುದು. ಐಎಸ್‌ಐ ಗುರುತಿರುವ ವೈರು, ಪ್ಲೈವುಡ್ಡು, ಟಿಎಂಟಿ ಕಂಬಿಗೆ ಗುರುತಿನ ಕೆಳಗಿನ ಸಿಎಂ/ಎಲ್ ಸಂಖ್ಯೆಯನ್ನು ಬಿಐಎಸ್ ಕೇರ್ ಆ್ಯಪ್‌ನಲ್ಲಿ ಹಾಕಿದರೆ ಪರವಾನಗಿ ಯಾರದು, ಯಾವ ಸಾಮಾನಿಗೆ, ಇನ್ನೂ ಜೀವಂತವಿದೆಯೇ ಎಂದು ತಿಳಿಯುತ್ತದೆ.

## ಬಿಲ್ಲು, ವಾಪಸಾತಿ, ಉದ್ದರಿ

ಜಿಎಸ್‌ಟಿ ಸಂಖ್ಯೆ ಹಾಕಿದರೆ ನಿಜವಾಗಿ ಏನು ಉಳಿಯುತ್ತದೆ?

ಕಬ್ಬಿಣ, ನಟ್ಟು ಬೋಲ್ಟು, ಬಹುತೇಕ ಉಪಕರಣಗಳ ಮೇಲೆ ತೆರಿಗೆ ಶೇ 18. ನೀವು ಸಾಮಾನ್ಯ ನೋಂದಣಿಯವರಾಗಿದ್ದು, ಬಿಲ್ಲಿನ ಮೇಲೆ ನಿಮ್ಮ ಸಂಖ್ಯೆ ಇದ್ದರೆ ಅದನ್ನು ಹೂಡುವಳಿ ತೆರಿಗೆಯಾಗಿ ಹಿಂದಕ್ಕೆ ಪಡೆಯಬಹುದು. 11,800ರ ಯಂತ್ರ ನಿಮಗೆ 10,000ಕ್ಕೆ ಬಿದ್ದಂತೆ. ಸಣ್ಣ ವ್ಯಾಪಾರಿಗಳು ವಹಿವಾಟಿನ ಮೇಲೆ ಕಡಿಮೆ ದರದ ತೆರಿಗೆ ಕಟ್ಟುವ ಕಾಂಪೊಸಿಷನ್ ಯೋಜನೆಯಲ್ಲಿರುವವರಿಗೆ ಇದು ಇಲ್ಲ. ಮಾರಾಟಗಾರ ತನ್ನ ರಿಟರ್ನ್ ಸಲ್ಲಿಸಿ, ಆ ಬಿಲ್ಲು ನಿಮ್ಮ ಜಿಎಸ್‌ಟಿಆರ್-2ಬಿಯಲ್ಲಿ (ಜಾಲದಲ್ಲಿ ಸಿಗುವ ನಿಮ್ಮ ಖರೀದಿ ಬಿಲ್ಲುಗಳ ಪಟ್ಟಿಯಲ್ಲಿ) ಕಾಣಿಸಿಕೊಂಡರೆ ಮಾತ್ರ ದುಡ್ಡು ನಿಮ್ಮದು. ತಿಂಗಳು ತಿಂಗಳು ತಡಮಾಡುವ ಮಾರಾಟಗಾರನ ಶೇ 5 ರಿಯಾಯಿತಿ ನನಗೆ ಬೇಡ. ಸಂತೆಯಂಥ ತಾಣಗಳಲ್ಲಿ ಎಲ್ಲ ಮಳಿಗೆಯವರೂ ಜಿಎಸ್‌ಟಿ ಬಿಲ್ಲು ಕೊಡುವುದಿಲ್ಲ, ಹಣ ಕಟ್ಟುವ ಮೊದಲೇ ನೋಡಿಕೊಳ್ಳಿ. ಸರಕು 50,000 ರೂಪಾಯಿ ಮೀರಿದರೆ ಸಾಗಣೆಗೆ ಇ-ವೇ ಬಿಲ್ ಸಹ ಬೇಕು.

ತಪ್ಪು ಸಾಮಾನು ಬಂದಿದೆ. ತಾಣದವರು ಮಾರಾಟಗಾರನನ್ನು ತೋರಿಸುತ್ತಾರೆ, ಅವನು ಫೋನ್ ಎತ್ತುತ್ತಿಲ್ಲ. ಯಾರ ಕೊರಳು ಹಿಡಿಯಲಿ?

ತಾಣದ ಕುಂದುಕೊರತೆ ಅಧಿಕಾರಿಯದು. 2020ರ ಇ-ಕಾಮರ್ಸ್ ನಿಯಮಗಳ ಪ್ರಕಾರ ಅಂಥ ಅಧಿಕಾರಿಯ ಹೆಸರು, ಸಂಪರ್ಕವನ್ನು ತಾಣದಲ್ಲಿ ಪ್ರಕಟಿಸಬೇಕು. ದೂರು ತಲುಪಿದ್ದನ್ನು 48 ಗಂಟೆಯೊಳಗೆ ತಿಳಿಸಿ, ಒಂದು ತಿಂಗಳೊಳಗೆ ಪರಿಹರಿಸಬೇಕು. ಆಗಲಿಲ್ಲವೆಂದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915. ಒಂದು ಕೊಂಕಿದೆ. ಕಾನೂನಿನ ಕಣ್ಣಿನಲ್ಲಿ ವ್ಯಾಪಾರದ ಉದ್ದೇಶಕ್ಕೆ ಕೊಂಡವನು ಗ್ರಾಹಕನಲ್ಲ. ಸ್ವಂತ ದುಡಿಮೆಯಿಂದ ಹೊಟ್ಟೆ ಹೊರೆಯಲು ಕೊಂಡಿದ್ದರೆ ವಿನಾಯಿತಿ ಇದೆ. ಒಬ್ಬನೇ ನಡೆಸುವ ಬಡಗಿಯ ಅಂಗಡಿಗೂ ನೂರು ಜನರ ಕಾರ್ಖಾನೆಗೂ ಇಲ್ಲಿ ಬೇರೆ ಬೇರೆ ಲೆಕ್ಕ.

ಪೆಟ್ಟಿಗೆ ತೆರೆಯುವಾಗ ವಿಳಾಸದ ಚೀಟಿಯಿಂದ ಶುರುಮಾಡಿ ಒಂದೇ ಓಟದಲ್ಲಿ ವಿಡಿಯೊ ಮಾಡಿ. ಅಳತೆ ತಪ್ಪಿದ್ದರೆ ವರ್ನಿಯರ್ ಹಿಡಿದ ಚಿತ್ರ ಕಳುಹಿಸಿ. "ಸರಿಯಿಲ್ಲ" ಎಂದು ಬರೆದವರಿಗೆ ನಾಲ್ಕು ಪ್ರಶ್ನೆ ಬರುತ್ತವೆ, "ಪುಟದಲ್ಲಿ 12, ಬಂದದ್ದು 11.6" ಎಂದು ಚಿತ್ರದೊಡನೆ ಬರೆದವರಿಗೆ ದುಡ್ಡು ಬೇಗ ಬರುತ್ತದೆ. ಕತ್ತರಿಸಿ ಕೊಟ್ಟ ಲೋಹವನ್ನು ಮಾತ್ರ ಸಾಮಾನ್ಯವಾಗಿ ಯಾರೂ ಹಿಂದಕ್ಕೆ ಪಡೆಯುವುದಿಲ್ಲ.

ಕಾಕಾನ ಅಂಗಡಿಯಲ್ಲಿ ಉದ್ದರಿ ಇದೆ. ಆನ್‌ಲೈನಿನಲ್ಲಿ ಅದು ಎಲ್ಲಿ?

ದೊಡ್ಡ ಖರೀದಿದಾರರಿಗೆ ಕೆಲವು ತಾಣಗಳು ಸಾಲದ ಅವಧಿ ಕೊಡುತ್ತವೆ, ನಮ್ಮಂಥವರಿಗೆ ಸಿಗುವುದು ಕ್ರೆಡಿಟ್ ಕಾರ್ಡಿನ ಅವಧಿಯಷ್ಟೇ. ಹೋಲಿಸುವಾಗ ಇದಕ್ಕೂ ಬೆಲೆ ಕಟ್ಟಿ. ಗಿರಾಕಿಯಿಂದ ದುಡ್ಡು ಬಂದ ಮೇಲೆ ಕೊಡುವ ಸೌಕರ್ಯಕ್ಕೆ ಶೇ 3-4 ಹೆಚ್ಚು ಕೊಟ್ಟರೆ ನನಗೆ ನಷ್ಟವೆನಿಸುವುದಿಲ್ಲ.

## ವರ್ಕ್‌ಶಾಪ್ ನಡೆಸುವವರು ಕೇಳುವುದು

ಮೂವರ ಕೊಟೇಶನ್ ಮುಂದಿದೆ. ಕಿಲೋದ ದರ ಬಿಟ್ಟು ಇನ್ನೇನು ನೋಡಲಿ?

ದರ ಯಾವ ಜಾಗದ್ದು ಎಂದು ಮೊದಲು ನೋಡಿ. ಉದಾಹರಣೆಗೆ 25 ಮಿ.ಮೀ. ಇಎನ್8ರ ಆರು ಮೀಟರಿನ ನಾಲ್ಕು ಕಂಬಿ ಬೇಕು ಎನ್ನೋಣ. ಮೀಟರಿಗೆ 3.86 ಕಿಲೋದಂತೆ ಸುಮಾರು 92.6 ಕಿಲೋ. ಒಬ್ಬ ಬೆಂಗಳೂರಿನ ಗೋದಾಮಿನಲ್ಲಿ 78 ರೂಪಾಯಿ ಎನ್ನುತ್ತಾನೆ, 7,223. ಅದಕ್ಕೆ ಲಾರಿ ಪಾರ್ಸೆಲ್ 900, ಹಮಾಲಿ 200 ಸೇರಿದರೆ 8,323. ಇನ್ನೊಬ್ಬ ಹುಬ್ಬಳ್ಳಿಗೆ ತಲುಪಿಸಿ 86 ಎನ್ನುತ್ತಾನೆ, 7,964. ಎಂಟು ರೂಪಾಯಿ ತುಟ್ಟಿಯವನೇ ಇಲ್ಲಿ ಅಗ್ಗ.

ಆಮೇಲೆ ಉದ್ದ. 300 ಮಿ.ಮೀ. ತುಂಡುಗಳು ಬೇಕು. ಆರು ಮೀಟರಿಗೆ ಇಪ್ಪತ್ತು ಎಂದು ಕೊಟೇಶನ್ ಹಾಕಿದವನು ಗರಗಸಕ್ಕೆ ದಪ್ಪವಿದೆ ಎಂಬುದನ್ನು ಮರೆತಿದ್ದಾನೆ. ಒಂದು ಕತ್ತರಿಕೆಗೆ ಮೂರು ಮಿ.ಮೀ. ಹೋದರೂ ಸಿಗುವುದು ಹತ್ತೊಂಬತ್ತು, ಉಳಿಯುವುದು 243 ಮಿ.ಮೀ.ನ ಒಂದು ತುಂಡು. ಅದು ಮೂಲೆ ಸೇರಿ ವರ್ಷಗಟ್ಟಲೆ ಕಾಲಿಗೆ ಎಡವುತ್ತದೆ. ಕತ್ತರಿಸಿ ಕೊಡುವವನ ದರ ಹೆಚ್ಚೆನಿಸಿದರೂ ಈ ಎಡವುವ ತುಂಡು ಅವನ ಮೂಲೆಯಲ್ಲೇ ಉಳಿಯುತ್ತದೆ. ಅವನ ಗರಗಸ ಎಷ್ಟು ಹೆಚ್ಚುಕಡಿಮೆ ಮಾಡುತ್ತದೆ, ಒಂದು ಮಿ.ಮೀ.ಯೋ ಮೂರೋ, ಎಂದೂ ಕೇಳಿ.

ಕೊನೆಗೆ ದರ ಎಷ್ಟು ದಿನ ನಿಲ್ಲುತ್ತದೆ. ಉಕ್ಕಿನ ಬೆಲೆ ಆಗಾಗ ಅಲುಗಾಡುತ್ತದೆ. ನಿಮ್ಮ ಗಿರಾಕಿಗೆ ನೀವು ತಿಂಗಳ ಮಾತು ಕೊಟ್ಟಿದ್ದು, ಮಾರಾಟಗಾರ ಮೂರು ದಿನದ ಮಾತು ಕೊಟ್ಟಿದ್ದರೆ ನಡುವಿನ ಇಪ್ಪತ್ತೇಳು ದಿನ ನಿಮ್ಮ ತಲೆಯ ಮೇಲೆ.

ಮಾರಾಟಗಾರರ ಲೆಕ್ಕವನ್ನು ನೀವು ಹೇಗೆ ಇಡುತ್ತೀರಿ? ಸಾಫ್ಟ್‌ವೇರ್ ಇದೆಯೇ?

ನೂರು ಪುಟದ ನೋಟುಬುಕ್ಕಿದೆ, ಒಬ್ಬರಿಗೆ ಒಂದು ಪುಟ. ಹೇಳಿದ ದಿನ, ಬಂದ ದಿನ, ಹೇಳಿದ ಅಳತೆ, ಬಂದ ಅಳತೆ, ತಪ್ಪಾದಾಗ ಮೊದಲ ಉತ್ತರ ಬಂದದ್ದು ಎಷ್ಟು ಗಂಟೆಗೆ. ದರ ಬರೆಯುವುದಿಲ್ಲ, ಅದು ಬಿಲ್ಲಿನಲ್ಲಿದೆ. ವರ್ಷಕ್ಕೊಮ್ಮೆ ದೀಪಾವಳಿಯ ಪೂಜೆಯ ಹಿಂದಿನ ದಿನ ಪುಟ ತಿರುವಿ ಇಬ್ಬರು ಮೂವರನ್ನು ಬಿಡುತ್ತೇನೆ. ಹೊಸಬರಿಗೆ ಮೊದಲು ಸಣ್ಣ ಆರ್ಡರ್, ಕೆಲವೊಮ್ಮೆ ಬೇಕೆಂದೇ ತಲೆಹರಟೆಯ ಪ್ರಶ್ನೆಯೊಂದರ ಜೊತೆಗೆ. "ಈ ಎಳೆ ಉರುಳಿಸಿದ್ದೋ ಕತ್ತರಿಸಿದ್ದೋ?" ಎಂದು ಕೇಳುತ್ತೇನೆ. "ಗೊತ್ತಿಲ್ಲ, ಕೇಳಿ ಹೇಳುತ್ತೇನೆ" ಎಂದವನು ಪಾಸು. "ಎರಡೂ ಸರ್" ಎಂದವನೂ ಒಬ್ಬನಿದ್ದ.

ಎಲ್ಲವನ್ನೂ ಒಬ್ಬನಿಂದಲೇ ತರಿಸಿದರೆ ರಿಯಾಯಿತಿ ಸಿಗುತ್ತದಲ್ಲ?

ಸಿಗುತ್ತದೆ. ಅವನಲ್ಲಿ ಮಾಲು ಮುಗಿದ ದಿನ ನಿಮ್ಮ ಲೇತೂ ನಿಲ್ಲುತ್ತದೆ. ದಿನವೂ ಸವೆಯುವ ಇನ್ಸರ್ಟು, ಡಿಸ್ಕು, ಎಲೆಕ್ಟ್ರೋಡಿಗೆ ಇಬ್ಬರು ಇರಲಿ, ಒಬ್ಬರು ಊರಿನವರೇ ಆಗಿರಲಿ.

ಅಮೆರಿಕದಲ್ಲಿರುವ ತಮ್ಮ ಮ್ಯಾಕ್‌ಮಾಸ್ಟರ್-ಕಾರ್ ಎಂದು ಹೊಗಳುತ್ತಾನೆ. ನಮ್ಮಲ್ಲಿ ಅಂಥದ್ದು ಇಲ್ಲವೇ?

ನಿಮ್ಮ ತಮ್ಮ ಹೊಗಳುವುದರಲ್ಲಿ ಅರ್ಥವಿದೆ. 1901ರಿಂದ ಇರುವ ಆ ಕಂಪನಿಯ ಪುಟದಲ್ಲಿ ನಕ್ಷತ್ರವೂ ಇಲ್ಲ, ಅಡ್ಡಗೆರೆ ಎಳೆದ ಬೆಲೆಯೂ ಇಲ್ಲ. ತಿರುಪಿನ ತಲೆಯ ಎತ್ತರದ ತನಕ ಅಳತೆ ಇದೆ, ನಕ್ಷೆಯನ್ನು ಇಳಿಸಿಕೊಂಡು ನೇರವಾಗಿ ವಿನ್ಯಾಸದಲ್ಲಿ ಕೂರಿಸಬಹುದು. ದರ ಮಾತ್ರ ಅಗ್ಗವಲ್ಲ. ಅಲ್ಲಿಂದ ಇಲ್ಲಿಗೆ ತರಿಸುವ ಯೋಚನೆ ಬಿಡಿ. ಆದರೆ ಅದರ ನಕ್ಷೆ ಓದಿ ನಿಮಗೆ ಬೇಕಾದ ಬೋಲ್ಟಿನ ಐಎಸ್‌ಒ ಅಥವಾ ಡಿಐಎನ್ ಸಂಖ್ಯೆ ಯಾವುದು ಎಂದು ತಿಳಿದುಕೊಳ್ಳಿ. ನಾನು ಹಾಗೆ ತಿಳಿದ ಡಿಐಎನ್ 912 ಎಂಬ ಸಂಖ್ಯೆಯನ್ನು ಚೀಟಿಯಲ್ಲಿ ಬರೆದುಕೊಂಡು ಕಾಕಾನ ಅಂಗಡಿಗೆ ಹೋದೆ. ಅವರು ಕನ್ನಡಕ ಏರಿಸಿ ಓದಿ, "ಅಲನ್ ಬೋಲ್ಟ್ ಎನ್ನಬಾರದೇ?" ಎಂದು ಹಿಂದಿನ ಡಬ್ಬಿಯಿಂದ ಹಿಡಿಯಷ್ಟು ತೆಗೆದು ತಕ್ಕಡಿಗೆ ಹಾಕಿದರು.